ಯೋಧರ ಮನೆಯಿಂದ ಬರುವ ಜರ್ಮನ್ ಹೆಲ್ಮೆಟ್: ಯಾವುದನ್ನು ಕೊಳ್ಳೋದು, ಯಾವುದನ್ನು ಬಿಡೋದು

ನನ್ನ ಮೊದಲ ಹೆಲ್ಮೆಟ್ ಕೈಗೆ ಬಂದದ್ದು ಹಳೇ ದಿಂಬಿನ ಕವರಿನಲ್ಲಿ. ನಾನಿರುವುದು ಅಮೆರಿಕದ ಒಹಾಯೋದಲ್ಲಿ. ನಮ್ಮ ಬೀದಿಯ ಕೊನೆಯ ಮನೆಯಲ್ಲಿ ಎಪ್ಪತ್ತು ದಾಟಿದ ಹೆಂಗಸೊಬ್ಬರು ಮನೆ ಖಾಲಿ ಮಾಡುತ್ತಿದ್ದರು. ಅವರ ತಂದೆ ಎರಡನೇ ಮಹಾಯುದ್ಧದಲ್ಲಿ ಕಾಲಾಳು ಪಡೆಯಲ್ಲಿದ್ದವರು. 1945ರಲ್ಲಿ ಮನೆಗೆ ಮರಳುವಾಗ ಒಂದು ಜರ್ಮನ್ ಹೆಲ್ಮೆಟ್ ತಂದಿದ್ದರು. "ಅಪ್ಪ ಇದರಲ್ಲಿ ಮೊಳೆ ಹಾಕಿಡ್ತಾ ಇದ್ದರು" ಅಂದರು ಆಕೆ. ಒಳಗೆ ನೋಡಿದೆ. ಚರ್ಮದ ತುಂಬ ಮೊಳೆಯ ತುಕ್ಕಿನ ಗೀರು. ಚರ್ಮದ ಹಿಂದೆ ಎರಡು ಸಣ್ಣ ಮೊಳೆ ಇನ್ನೂ ಸಿಕ್ಕಿಕೊಂಡಿದ್ದವು. ಹಿಂಭಾಗದ ಒಳ ಅಂಚಿನಲ್ಲಿ ಬಿಳಿ ಬಣ್ಣದಲ್ಲಿ ಬರೆದ ಒಬ್ಬ ಜರ್ಮನ್ ಹುಡುಗನ ಹೆಸರು. ಅದರ ಕೆಳಗೆ ಪೆನ್ಸಿಲಿನಲ್ಲಿ ಆಕೆಯ ತಂದೆಯ ಹೆಸರು.

ಆ ಎರಡು ಹೆಸರು ನೋಡಿದ ಮೇಲೆ ನನಗೆ ಇದರ ಹುಚ್ಚು ಹಿಡಿಯಿತು. ಈಗ ಹನ್ನೆರಡು ವರ್ಷ. ಕೈಯಲ್ಲಿ ಹಿಡಿದು ನೋಡಿದ್ದು ನೂರಾರು, ಕೊಂಡದ್ದು ಒಂಬತ್ತು. ಅಮೆರಿಕ, ಇಂಗ್ಲೆಂಡ್, ಜರ್ಮನಿಯಲ್ಲಿರುವ ನಮ್ಮವರು ಆಗಾಗ ಫೋನ್ ಮಾಡಿ ಕೇಳುತ್ತಾರೆ: ಇಲ್ಲೊಂದು ಸಿಕ್ಕಿದೆ, ತಗೊಳ್ಳಲಾ? ಅವರಿಗೆ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

ಯಾವ ಹೆಲ್ಮೆಟ್ಟಿಗೂ ಸಾಕ್ಷಿ ಎರಡು. ಒಂದು ಉಕ್ಕು, ಇನ್ನೊಂದು ಅದು ಇಷ್ಟು ವರ್ಷ ಇದ್ದ ಮನೆ. ಎರಡರ ಮಾತೂ ಹೊಂದಬೇಕು. ಹೊಂದಿದರೆ ಎಷ್ಟು ಸಾದಾ ಇದ್ದರೂ ಕೊಳ್ಳಿ. ಹೊಂದದಿದ್ದರೆ ಎಷ್ಟು ಚೆಂದ ಇದ್ದರೂ ಕೆಳಗಿಡಿ.

ಮನೆಯವರಿಂದಲೋ, ವ್ಯಾಪಾರಿಯಿಂದಲೋ, ಆನ್‌ಲೈನಿನಲ್ಲೋ

ಮನೆಯವರಿಂದ ನೇರವಾಗಿ ಕೊಳ್ಳುವುದಕ್ಕೆ ಸಮ ಯಾವುದೂ ಇಲ್ಲ. ಇದನ್ನು ಸಂಗ್ರಾಹಕರು ವೆಟ್ ಬ್ರಿಂಗ್‌ಬ್ಯಾಕ್ ಅನ್ನುತ್ತಾರೆ. ಅಂದರೆ ಯುದ್ಧ ಮುಗಿಸಿ ಬಂದ ಯೋಧನೇ ತಂದದ್ದು, ನಡುವೆ ಬೇರೆ ಕೈ ಸೇರದ್ದು. ಕೈ ಬದಲಾದಷ್ಟೂ ಯಾರೋ ಒಬ್ಬರು ಲೈನರ್ (ಒಳಗಿನ ಚರ್ಮದ ಅಸ್ತರು) ಬದಲಿಸಿರುತ್ತಾರೆ, ಇನ್ನೊಬ್ಬರು ಡಿಕಾಲ್ (ಹೊರಗೆ ಪಕ್ಕಕ್ಕೆ ಕೂರಿಸುವ ಲಾಂಛನದ ಚಿತ್ರ) ಅಂಟಿಸಿರುತ್ತಾರೆ. ಅಟ್ಟದಿಂದ ಈಗ ತಾನೇ ಇಳಿದ ಹೆಲ್ಮೆಟ್ಟಿನಲ್ಲಿ ಆ ಭಯ ಕಡಿಮೆ.

ಆದರೆ ಮನೆಯವರ ಮಾತನ್ನು ಇದ್ದ ಹಾಗೇ ನುಂಗಬಾರದು. ಅವರು ಸುಳ್ಳು ಹೇಳುತ್ತಾರೆ ಅಂತಲ್ಲ. ಎಂಬತ್ತು ವರ್ಷದಲ್ಲಿ ಕಥೆ ಬೆಳೆಯುತ್ತದೆ. ತಾತ ರಸ್ತೆ ಬದಿಯ ರಾಶಿಯಿಂದ ಎತ್ತಿಕೊಂಡದ್ದು ಮೊಮ್ಮಕ್ಕಳ ಕಾಲಕ್ಕೆ "ಜರ್ಮನ್ ಅಧಿಕಾರಿಯನ್ನು ಹಿಡಿದು ಕಿತ್ತುಕೊಂಡದ್ದು" ಆಗಿರುತ್ತದೆ. 1945ರ ವಸಂತದಲ್ಲಿ ಜರ್ಮನ್ ಸೈನಿಕರು ಗುಂಪು ಗುಂಪಾಗಿ ಶರಣಾದರು. ಕಳಚಿಟ್ಟ ಹೆಲ್ಮೆಟ್‌ಗಳು ಗುಡ್ಡೆಯಾಗಿ ಬಿದ್ದಿದ್ದವು. ಬಹಳ ಜನ ಅಲ್ಲಿಂದಲೇ ತಂದರು. ಅದರಲ್ಲಿ ಕಡಿಮೆಯೇನಿಲ್ಲ. ಆ ಯೋಧ ಯುರೋಪಿಗೆ ಹೋಗಿದ್ದನೇ, ಯಾವ ದಳದಲ್ಲಿದ್ದ, ಯಾವ ವರ್ಷ ಅಲ್ಲಿದ್ದ, ಇಷ್ಟು ಗೊತ್ತಾದರೆ ಸಾಕು. ಅವನು ಇಡೀ ಯುದ್ಧ ಪೆಸಿಫಿಕ್ ದ್ವೀಪಗಳಲ್ಲೇ ಕಳೆದಿದ್ದರೆ ಜರ್ಮನ್ ಹೆಲ್ಮೆಟ್ ಬೇರೆ ದಾರಿಯಿಂದ ಬಂದಿರಬೇಕು, ಅಲ್ವಾ?

ಇದನ್ನು ಪರೀಕ್ಷಿಸುವುದು ಅಂದುಕೊಂಡಷ್ಟು ಸುಲಭವಲ್ಲ. ಅಮೆರಿಕದ ಸೈನಿಕರ ಸೇವಾ ದಾಖಲೆಗಳಿದ್ದ ಸೇಂಟ್ ಲೂಯಿಸ್‌ನ ಕೇಂದ್ರದಲ್ಲಿ 1973ರ ಜುಲೈ 12ರಂದು ಬೆಂಕಿ ಬಿತ್ತು. 1912ರಿಂದ 1960ರ ನಡುವೆ ಭೂಸೇನೆಯಿಂದ ಬಿಡುಗಡೆಯಾದವರ ಕಡತಗಳಲ್ಲಿ ಸುಮಾರು ಶೇಕಡ 80ರಷ್ಟು ಸುಟ್ಟುಹೋದವು. ಆದ್ದರಿಂದ ಅಲ್ಲಿಗೆ ಅರ್ಜಿ ಹಾಕಿದರೆ ಬಹಳ ಸಲ "ಇಲ್ಲ" ಅನ್ನುವ ಉತ್ತರವೇ ಬರುತ್ತದೆ. ಅದಕ್ಕಿಂತ ಒಳ್ಳೆಯ ದಾರಿ ಮನೆಯಲ್ಲೇ ಇರುತ್ತದೆ. ಬಿಡುಗಡೆ ಪತ್ರದ ಪ್ರತಿ ಕೇಳಿ. ಅದರಲ್ಲಿ ಯೋಧ ಭಾಗವಹಿಸಿದ ಕದನಗಳ ಹೆಸರು, ಹಡಗು ಹತ್ತಿದ ತಾರೀಖು ಇರುತ್ತವೆ. ಮನೆಯಲ್ಲಿ ಇಲ್ಲದಿದ್ದರೆ ಕೌಂಟಿಯ, ಅಂದರೆ ಇಲ್ಲಿನ ಜಿಲ್ಲೆಯ, ಕೋರ್ಟ್ ಕಟ್ಟಡದ ದಾಖಲೆ ಕಚೇರಿಯಲ್ಲಿ ವಿಚಾರಿಸಿ. ಯುದ್ಧದಿಂದ ಬಂದವರು ತುಂಬ ಜನ ಈ ಪತ್ರವನ್ನು ಅಲ್ಲಿ ದಾಖಲು ಮಾಡಿಸಿದ್ದರು.

ಇನ್ನು ಕ್ಯಾಪ್ಚರ್ ಪೇಪರ್. ಯುದ್ಧದಲ್ಲಿ ಸಿಕ್ಕ ವಸ್ತುವನ್ನು ಮನೆಗೆ ಒಯ್ಯಬಹುದು ಅಂತ ಮೇಲಧಿಕಾರಿ ಸಹಿ ಹಾಕಿ ಕೊಟ್ಟ ಚೀಟಿ ಇದು. ಹೆಚ್ಚಾಗಿ ಇದರಲ್ಲಿ ಬರೆದಿರುವುದು ಪಿಸ್ತೂಲು, ಬಂದೂಕು. ಹೆಲ್ಮೆಟ್ ಹೆಸರಿಸಿದ ಚೀಟಿ ಸಿಕ್ಕರೆ ಅದು ಭಾಗ್ಯ. ಒಂದು ಎಚ್ಚರಿಕೆ: ಚೀಟಿಗೂ ಹೆಲ್ಮೆಟ್ಟಿಗೂ ಹೊಲಿಗೆ ಹಾಕಿರುವುದಿಲ್ಲ. ಒಳ್ಳೆಯ ಚೀಟಿಯನ್ನು ಕೆಟ್ಟ ಹೆಲ್ಮೆಟ್ಟಿನ ಜೊತೆ ಇಟ್ಟು ಮಾರುವವರಿದ್ದಾರೆ. ನನಗೆ ಇದಕ್ಕಿಂತ ಹೆಚ್ಚು ನಂಬಿಕೆ ಬರುವುದು ವಿಳಾಸ ಇರುವ ಹೆಲ್ಮೆಟ್ ಮೇಲೆ. ಎಷ್ಟೋ ಸೈನಿಕರು ಹೆಲ್ಮೆಟ್ಟನ್ನು ಡಬ್ಬಿಗೂ ಹಾಕದೆ, ಅದರ ಮೇಲೇ ತಾಯಿಯ ವಿಳಾಸ ಬರೆದೋ ಗದ್ದದ ಪಟ್ಟಿಗೆ ವಿಳಾಸದ ಚೀಟಿ ಕಟ್ಟಿಯೋ ಅಂಚೆಗೆ ಹಾಕಿದರು. ಹಾಗೆ ಬಂದವು ಈಗಲೂ ಸಿಗುತ್ತವೆ.

ಮನೆಯವರಿಂದ ಕೊಳ್ಳುವಾಗ ಬೆಲೆಯ ವಿಷಯದಲ್ಲಿ ನೇರವಾಗಿರಿ. ಹಳ್ಳಿಯಲ್ಲಿ ಅಜ್ಜಿಯರ ಹಿತ್ತಾಳೆ ಪಾತ್ರೆಯನ್ನು ಗುಜರಿಯವನು ತೂಕಕ್ಕೆ ಒಯ್ದ ಹಾಗೆ ಆಗಬಾರದು. ಮಾರುಕಟ್ಟೆಯಲ್ಲಿ ಇದಕ್ಕೆ ಎಷ್ಟು ಇದೆ ಅಂತ ನಾನು ಮೊದಲೇ ಹೇಳಿಬಿಡುತ್ತೇನೆ. ಒಂದು ವಾರ ಯೋಚನೆ ಮಾಡಿ ಅನ್ನುತ್ತೇನೆ. ಕೆಲವರು ಮಾರುವುದೇ ಬೇಡ ಅಂತ ಇಟ್ಟುಕೊಂಡಿದ್ದಾರೆ. ಅದೂ ಸಂತೋಷವೇ.

ವ್ಯಾಪಾರಿಗಳ ಹತ್ತಿರ ಬೆಲೆ ಜಾಸ್ತಿ. ಆದರೆ ಒಳ್ಳೆಯ ವ್ಯಾಪಾರಿ ಬರೆದು ಕೊಡುತ್ತಾನೆ: ಇದು ಅಸಲು, ಅಲ್ಲ ಅಂತ ಸಾಬೀತಾದರೆ ಯಾವಾಗ ಬೇಕಾದರೂ ದುಡ್ಡು ವಾಪಸ್. ಆ ಮಾತು ಬಾಯಲ್ಲಿದ್ದರೆ ಸಾಲದು, ಕಾಗದದಲ್ಲಿ ಇರಬೇಕು. ಹೊಸಬರಿಗೆ ನಾನು ಹೇಳುವುದು ಮೊದಲನೆಯದನ್ನು ಇಂಥವರಿಂದಲೇ ತಗೊಳ್ಳಿ ಅಂತ. ಕೈಯಲ್ಲಿ ಒಂದು ಅಸಲು ಇದ್ದರೆ ಮುಂದಿನದಕ್ಕೆಲ್ಲ ಅದೇ ಅಳತೆಗೋಲು. ಆಗದಿದ್ದರೆ ದೊಡ್ಡ ಮೇಳಕ್ಕಾದರೂ ಹೋಗಿ. ಕೆಂಟಕಿಯ ಲೂಯಿವಿಲ್‌ನಲ್ಲಿ ಚಳಿಗಾಲದ ಕೊನೆಗೆ ನಡೆಯುವ ಶೋ ಆಫ್ ಶೋಸ್‌ನಲ್ಲಿ ಒಂದೇ ದಿನಕ್ಕೆ ನೂರಾರು ಹೆಲ್ಮೆಟ್ ಕೈಯಲ್ಲಿ ಹಿಡಿಯಬಹುದು. ಮೊದಲ ಸಲ ಹೋದಾಗ ಏನೂ ಕೊಳ್ಳಬೇಡಿ. ಸುಮ್ನೆ ತಿರುಗಿಸಿ ನೋಡಿ. ಬೇಡ ಅಂತ ಯಾರೂ ಅನ್ನುವುದಿಲ್ಲ, ಕೇಳಿ ಮುಟ್ಟಿದರೆ ಸಾಕು.

ಆನ್‌ಲೈನಿನಲ್ಲಿ ಕೊನೆಗೆ ಬನ್ನಿ. ಫೋಟೋ ನೋಡಿ ಕೊಳ್ಳುವುದು ಪಳಗಿದ ಕಣ್ಣಿಗೆ ಮಾತ್ರ.

ಎಂ35, ಎಂ40, ಎಂ42

ಎರಡನೇ ಯುದ್ಧದ ಜರ್ಮನ್ ಹೆಲ್ಮೆಟ್ಟಿನ ಮುಖ್ಯ ಮಾದರಿ ಈ ಮೂರು. ಯಾವುದು ಅಂತ ಗುರುತಿಸುವುದಕ್ಕೆ ಕಣ್ಣಿಗಿಂತ ಬೆರಳು ಮೇಲು. ಕಣ್ಣು ಮುಚ್ಚಿ ಹೆಲ್ಮೆಟ್ಟಿನ ಅಂಚಿನ ಮೇಲೆ ಬೆರಳು ಆಡಿಸಿ. ಅಂಚು ಒಳಕ್ಕೆ ಮಡಚಿ ದುಂಡಗಿದ್ದರೆ ಅದು ಎಂ35 ಅಥವಾ ಎಂ40. ಮಡಿಕೆಯಿಲ್ಲದೆ ಹೊರಕ್ಕೆ ಚಾಚಿದ ಬರೀ ತಗಡಿನ ಅಂಚಾದರೆ ಎಂ42. ಮೊದಲ ಎರಡರಲ್ಲಿ ಯಾವುದು ಅಂತ ತಿಳಿಯಲು ಪಕ್ಕದ ಗಾಳಿ ತೂತು ಮುಟ್ಟಿ. ತೂತಿಗೆ ಬೇರೆಯೇ ಒಂದು ಪುಟ್ಟ ಬಳೆ ಕೂರಿಸಿದ್ದರೆ ಎಂ35. ತೂತಿನ ದಿಂಡು ಉಕ್ಕಿನಲ್ಲೇ ಒತ್ತಿ ಎಬ್ಬಿಸಿದ್ದಾದರೆ ಎಂ40.

ಈ ಮೂರು ಬೆರಳ ಗುರುತಿನಲ್ಲೇ ಯುದ್ಧದ ಕಥೆ ಇದೆ. 1935ರಲ್ಲಿ ಕೈಯಲ್ಲಿ ಸಮಯವಿತ್ತು, ಒಪ್ಪವಾಗಿ ಮಾಡಿದರು. 1940ರಲ್ಲಿ ಬಳೆ ಕೂರಿಸುವ ಕೆಲಸ ಉಳಿಸಿದರು. 1942ರಲ್ಲಿ ಅಂಚು ಮಡಚುವುದನ್ನೂ ಬಿಟ್ಟರು. ಬೇಗ ಬೇಕಿತ್ತು, ಅಗ್ಗಕ್ಕೆ ಬೇಕಿತ್ತು.

ಇನ್ನೂ ಹಳೆಯದು ಬೇಕೆನ್ನುವವರಿಗೆ ಮೊದಲ ಮಹಾಯುದ್ಧದ ಎಂ16 ಇದೆ. ಹಾನೋವರಿನ ಫ್ರೀಡ್ರಿಶ್ ಶ್ವೆರ್ಡ್ ರೂಪಿಸಿದ್ದು. ಎರಡೂ ಕಡೆ ಕೊಂಬಿನ ಮೊಳಕೆಯಂಥ ಗುಬುಟು ಇರುತ್ತದೆ, ಹಣೆಗೆ ದಪ್ಪ ಉಕ್ಕಿನ ತಗಡು ಸಿಕ್ಕಿಸಲು. ಇವುಗಳಲ್ಲಿ ಕೆಲವನ್ನು 1930ರ ದಶಕದಲ್ಲಿ ಹೊಸ ಲೈನರ್ ಹಾಕಿ ಮತ್ತೆ ಕೊಟ್ಟರು. ಹಾಗಾಗಿ ಎರಡನೇ ಯುದ್ಧದ ಯೋಧನ ಮನೆಯಲ್ಲಿ ಮೊದಲ ಯುದ್ಧದ ಉಕ್ಕು ಸಿಕ್ಕರೆ ಗಾಬರಿಯಾಗಬೇಡಿ. ಪ್ಯಾರಾಟ್ರೂಪರ್‌ಗಳ ಎಂ38 ಬಗ್ಗೆ ಒಂದೇ ಮಾತು: ಮೊದಲ ಐದು ವರ್ಷ ಅದರ ಹತ್ತಿರ ಹೋಗಬೇಡಿ. ಅಸಲು ತೀರಾ ಕಡಿಮೆ, ನಕಲು ತೀರಾ ಜಾಸ್ತಿ.

ಹಾಗಾದರೆ ಮೂರರಲ್ಲಿ ಯಾವುದು? ಕೆಲಸದ ಒಪ್ಪ ಮುಖ್ಯವಾದರೆ ಎಂ35. ದುಡ್ಡು ಜಾಸ್ತಿ ಕೊಡಬೇಕು, ಮೋಸದ ಸಾಧ್ಯತೆಯೂ ಜಾಸ್ತಿ. ಎಂ40 ನಡುವಿನದು. ಮೊದಲ ಹೆಲ್ಮೆಟ್ಟಿಗೆ ನನ್ನ ಆಯ್ಕೆ ಎಂ42. ಕಾರಣ ಸರಳ. ಅಮೆರಿಕದ ಸೈನಿಕರು ಯುರೋಪಿನಲ್ಲಿ ಹೋರಾಡಿದ್ದು ಯುದ್ಧದ ಕೊನೆಯ ವರ್ಷಗಳಲ್ಲಿ. 1944ರ ಜೂನ್‌ನಲ್ಲಿ ನಾರ್ಮಂಡಿ, ಅಕ್ಟೋಬರ್‌ನಲ್ಲಿ ಆಖೆನ್, ಡಿಸೆಂಬರ್‌ನಲ್ಲಿ ಆರ್ಡೆನ್ ಕಾಡು. ಆಗ ಎದುರಿಗಿದ್ದವರಲ್ಲಿ ಎಷ್ಟೋ ಜನರ ತಲೆಯ ಮೇಲೆ ಇದ್ದದ್ದು ಇದೇ ಒರಟು ಹೆಲ್ಮೆಟ್. ಹೀಗಾಗಿ ಮನೆಯ ಕಥೆಗೂ ಉಕ್ಕಿಗೂ ಎಂ42ನಲ್ಲಿ ಸುಲಭವಾಗಿ ತಾಳೆಯಾಗುತ್ತದೆ. ಬೆಲೆಯೂ ಇದಕ್ಕೇ ಕಡಿಮೆ.

ತಿರುಗಿಸಿ ನೋಡುವುದು

ಐದು ನಿಮಿಷ ಸಿಕ್ಕರೆ ನಾನು ಹೊರಗಿಗಿಂತ ಒಳಗೆ ಜಾಸ್ತಿ ನೋಡುತ್ತೇನೆ. ಎಡಗಡೆ ಕಿವಿಯ ಮೇಲೆ ಬರುವ ಒಳ ಭಾಗದಲ್ಲಿ ಸಾಮಾನ್ಯವಾಗಿ ಅಕ್ಷರ ಮತ್ತು ಅಂಕಿ ಒತ್ತಿರುತ್ತಾರೆ. ಇಟಿ64, ಕ್ಯೂ66, ಎನ್‌ಎಸ್62, ಹೀಗೆ. ಅಕ್ಷರ ಕಾರ್ಖಾನೆಯದು. ಇಟಿ ಅಂದರೆ ಹಾರ್ಟ್ಸ್ ಬೆಟ್ಟದ ತಪ್ಪಲಿನ ಥಾಲೆ. ಕ್ಯೂ ಅಂದರೆ ಎಸ್ಲಿಂಗನ್ನಿನ ಕ್ವಿಸ್ಟ್. ಸ್ಟುಟ್‌ಗಾರ್ಟ್ ಕಡೆ ಕೆಲಸದಲ್ಲಿರುವ ನಮ್ಮವರಿಗೆ ಎಸ್ಲಿಂಗನ್ ಪಕ್ಕದ ಊರೇ. ಅಂಕಿ ಚಿಪ್ಪಿನ, ಅಂದರೆ ಹೆಲ್ಮೆಟ್ಟಿನ ಉಕ್ಕಿನ ಮೈಯ, ಅಳತೆ. 64ರ ಚಿಪ್ಪಿನೊಳಗೆ 56 ಅಥವಾ 57 ಸೆಂಟಿಮೀಟರ್ ತಲೆಯ ಲೈನರ್ ಕೂರುತ್ತದೆ. 66ಕ್ಕೆ 58, 59. ಹಿಂಭಾಗದ ಒಳಗೆ ಇನ್ನೊಂದು ಅಂಕಿ, ಅದು ಲಾಟ್ ನಂಬರ್, ಅಂದರೆ ಯಾವ ಕಂತಿನದು ಅನ್ನುವ ಗುರುತು.

ಈಗ ಲೈನರಿನ ಲೋಹದ ಪಟ್ಟಿ ನೋಡಿ. ಅದರ ಮೇಲೂ ಅಳತೆ, ತಯಾರಕನ ಹೆಸರು, ಎಷ್ಟೋ ಸಲ ವರ್ಷ ಕೂಡ ಇರುತ್ತದೆ. ಬ್ರೌನ್‌ಶ್ವೈಗ್‌ನ ಶೂಬರ್ಟ್ ಹೆಸರು ಆಗಾಗ ಕಾಣುತ್ತದೆ. ಇವತ್ತಿಗೂ ಬೈಕಿನ ಹೆಲ್ಮೆಟ್ ಮಾಡುವ ಶೂಬರ್ಟ್ ಅದೇ. ಚಿಪ್ಪು 64 ಇದ್ದು ಲೈನರ್ 59 ಅಂತಿದ್ದರೆ ಲೈನರ್ ಬೇರೆ ಕಡೆಯಿಂದ ಬಂದಿದೆ. 1940ರಲ್ಲಿ ಮಾಡಿದ್ದು ಅಂತ ಹೇಳುವ ಹೆಲ್ಮೆಟ್ಟಿನಲ್ಲಿ 1943ರ ಲೈನರ್ ಇದ್ದರೂ ಹಾಗೆಯೇ.

ಲೈನರನ್ನು ಹಿಡಿದಿರುವುದು ಮೂರು ಪಿನ್. ಪಕ್ಕಕ್ಕೆ ಎರಡು, ಹಿಂದೆ ಒಂದು. ಒಳಗೆ ಪಿನ್ನಿನ ಎರಡು ಕಾಲು ಅಗಲಿಸಿ ಮಡಚಿರುತ್ತಾರೆ. ಒಮ್ಮೆ ಮಡಚಿ ಎಂಬತ್ತು ವರ್ಷ ಹಾಗೇ ಇದ್ದ ಕಾಲು ಕಂದಾಗಿ ಸುಮ್ಮನೆ ಮಲಗಿರುತ್ತದೆ. ಬಿಚ್ಚಿ ಮತ್ತೆ ಮಡಚಿದ್ದರೆ ಮಡಿಕೆಯಲ್ಲಿ ಹೊಸ ಹೊಳಪು ಅಥವಾ ಬಿರುಕು ಕಾಣುತ್ತದೆ. ಹೊರಗೆ ಪಿನ್ನಿನ ತಲೆಯ ಬಣ್ಣ ಸುತ್ತಲಿನ ಬಣ್ಣದ ಜೊತೆ ಹಳತಾಗಿದೆಯೇ ನೋಡಿ. ಚರ್ಮದಲ್ಲಿ ಎಂಟು ನಾಲಿಗೆ ಇರಬೇಕು, ತುದಿಯ ತೂತಿನಲ್ಲಿ ದಾರ ಪೋಣಿಸಿ ಕಟ್ಟಿರಬೇಕು. ದಾರ ಹೋಗಿದ್ದರೂ ಪರವಾಗಿಲ್ಲ. ಬೆವರಿನಿಂದ ಕಪ್ಪಾದ ಚರ್ಮಕ್ಕೂ ಬಣ್ಣ ಹಾಕಿ ಕಪ್ಪು ಮಾಡಿದ ಚರ್ಮಕ್ಕೂ ವ್ಯತ್ಯಾಸ ಇದೆ. ಬೆವರು ಹಣೆಯ ಕಡೆ ಜಾಸ್ತಿ ಕೂತಿರುತ್ತದೆ, ಬಣ್ಣ ಎಲ್ಲ ಕಡೆ ಒಂದೇ ಸಮ.

ಡಿಕಾಲ್ ಇರುವುದೋ, ಇಲ್ಲದ್ದೋ

ದುಡ್ಡು ಏರುವುದು ಇಲ್ಲಿ, ಮೋಸ ನಡೆಯುವುದೂ ಇಲ್ಲೇ. ಭೂಸೇನೆಯ ಎಂ35 ಹೊಸದರಲ್ಲಿ ಎರಡು ಡಿಕಾಲ್ ಹೊತ್ತಿತ್ತು. ಬಲಕ್ಕೆ ಕಪ್ಪು, ಬಿಳಿ, ಕೆಂಪು ಪಟ್ಟೆಯ ಗುರಾಣಿ. ಎಡಕ್ಕೆ ಕಾಲಲ್ಲಿ ಸ್ವಸ್ತಿಕ ಹಿಡಿದ ಹದ್ದು. 1940ರ ಮಾರ್ಚ್‌ನಲ್ಲಿ ಮೂರು ಬಣ್ಣದ ಗುರಾಣಿ ತೆಗೆಯಿರಿ ಅಂತ ಆದೇಶ ಬಂತು. ದೂರಕ್ಕೆ ಎದ್ದು ಕಾಣುತ್ತಿತ್ತು. ಅದೇ ಸಮಯಕ್ಕೆ ನುಣುಪು ಬಣ್ಣ ಹೋಗಿ ಮಿಂಚದ ತರಿತರಿ ಬಣ್ಣ ಬಂತು. 1943ರ ಆಗಸ್ಟ್‌ನಲ್ಲಿ ಹದ್ದು ಕೂಡ ಬೇಡ ಅಂದರು.

ಈ ಎರಡು ತಾರೀಖು ಬಾಯಿಪಾಠ ಇದ್ದರೆ ಅರ್ಧ ನಕಲು ತಾನಾಗಿ ಉದುರುತ್ತದೆ. ಭೂಸೇನೆಯ ಎಂ42ನ ಬಲಕ್ಕೆ ಮೂರು ಬಣ್ಣದ ಗುರಾಣಿ ಇದೆ ಅಂತ ತೋರಿಸಿದರೆ ಕೇಳಿ: 1940ರಲ್ಲೇ ನಿಂತದ್ದು 1942ರ ಹೆಲ್ಮೆಟ್ಟಿಗೆ ಹೇಗೆ ಬಂತು? ಹದ್ದು ಇದೆ ಅನ್ನುವಷ್ಟಕ್ಕೇ ಅನುಮಾನ ಬೇಡ, ಅದು 1943ರ ಮಧ್ಯದವರೆಗೆ ಇತ್ತು. ಇದಕ್ಕೆ ತಿರುಗಾಗಿ ಎಂ35ರಲ್ಲಿ ಗುರಾಣಿ ಕೆರೆದು ಮೇಲೆ ತರಿ ಬಣ್ಣ ಬಳಿದ ಗುರುತು ಕಂಡರೆ ನನಗೆ ಖುಷಿ. ಓರೆ ಬೆಳಕಿನಲ್ಲಿ ಹಿಡಿದರೆ ಬಣ್ಣದಡಿ ಗುರಾಣಿಯ ನೆರಳು ಏಳುತ್ತದೆ. ಆ ಆದೇಶವನ್ನು ಒಬ್ಬ ಸೈನಿಕ ಪಾಲಿಸಿದ್ದು ಅಲ್ಲಿ ಬೆರಳಿಗೆ ಸಿಗುತ್ತದೆ.

ಡಿಕಾಲ್ ಪರೀಕ್ಷೆಗೆ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಸಾಕು, ಚಿನ್ನದ ಕೆಲಸದವರ ಹತ್ತಿರ ಇರುವಂಥದ್ದು. ಬಣ್ಣದ ಮೇಲಿನ ಒಂದು ಗೀರು ಹಿಡಿದು ಹೊರಡಿ. ಗೀರು ಡಿಕಾಲಿನ ಅಂಚಿಗೆ ಬಂದಾಗ ಏನಾಗುತ್ತದೆ? ಡಿಕಾಲನ್ನೂ ಕತ್ತರಿಸಿ ಮುಂದೆ ಹೋದರೆ ಸರಿ, ಎರಡೂ ಒಟ್ಟಿಗೆ ಪೆಟ್ಟು ತಿಂದಿವೆ. ಡಿಕಾಲ್ ಗೀರಿನ ಮೇಲೆ ಹೊದಿಕೆಯ ಹಾಗೆ ಕೂತಿದ್ದರೆ ಅದು ಆಮೇಲೆ ಅಂಟಿಸಿದ್ದು. ಕತ್ತಲೆ ಕೋಣೆಯಲ್ಲಿ ಅತಿನೇರಳೆ (ಯುವಿ) ದೀಪ ಹಿಡಿಯುವುದೂ ಒಂದು ಉಪಾಯ. ಈಗಿನ ಅಂಟು, ಈಗಿನ ವಾರ್ನಿಶ್ ಬಹಳ ಸಲ ಹೊಳೆಯುತ್ತವೆ. ಹೊಳೆಯದಿದ್ದರೆ ಅಸಲು ಅಂತ ಮಾತ್ರ ತಿಳಿಯಬೇಡಿ.

ಹಿಟ್ಲರನ ನಾಜಿ ಪಕ್ಷದ ಸಶಸ್ತ್ರ ಸಂಘಟನೆ ಎಸ್‌ಎಸ್‌ನ ಡಿಕಾಲ್ ಇರುವ ಹೆಲ್ಮೆಟ್‌ಗಳಿಗೆ ಬೆಲೆ ಮುಗಿಲು ಮುಟ್ಟಿದೆ. ಅದಕ್ಕೇ ಅತಿ ಹೆಚ್ಚು ನಕಲು ಅಲ್ಲೇ. ಸಾದಾ ಅಸಲು ಚಿಪ್ಪಿಗೆ ಸುಳ್ಳು ಡಿಕಾಲ್ ಅಂಟಿಸಿ, ಹಳತು ಮಾಡಿ, ಹತ್ತು ಪಟ್ಟು ಬೆಲೆಗೆ ಮಾರುತ್ತಾರೆ. ನಾನು ಅವನ್ನು ಕೊಳ್ಳುವುದಿಲ್ಲ. ನಕಲಿನ ಭಯ ಒಂದು ಕಾರಣ. ಶಿಬಿರಗಳಲ್ಲಿ ಲಕ್ಷ ಲಕ್ಷ ಜನರನ್ನು ಕೊಂದ ಸಂಘಟನೆಯ ಗುರುತಿಗೆ ಹೆಚ್ಚು ದುಡ್ಡು ಕೊಡಲು ಮನಸ್ಸು ಒಪ್ಪುವುದಿಲ್ಲ, ಅದು ಇನ್ನೊಂದು.

ಸ್ವಸ್ತಿಕದ ಮಾತು ಬಂತು. ನಮ್ಮ ಮನೆ ಬಾಗಿಲಲ್ಲಿ ಹಬ್ಬದ ದಿನ ಅಮ್ಮ ರಂಗೋಲಿಯಲ್ಲಿ ಬಿಡಿಸುವ ಗುರುತು ಅದು. ಇಲ್ಲಿನ ನೆರೆಯವರಿಗೆ, ಅದರಲ್ಲೂ ಯಹೂದಿ ಸ್ನೇಹಿತರಿಗೆ, ಅದು ಬೇರೆಯದೇ ನೆನಪು. ಹದ್ದಿನ ಡಿಕಾಲ್ ಇರುವ ಹೆಲ್ಮೆಟ್ಟನ್ನು ನಾನು ಹಜಾರದಲ್ಲಿ ಇಡುವುದಿಲ್ಲ. ದೇವರ ಕೋಣೆ ಇರುವ ಮನೆಯಲ್ಲಿ ಎರಡೂ ಒಟ್ಟಿಗೆ ಕಂಡರೆ ಬಂದವರಿಗೆ ವಿವರಿಸುವುದರಲ್ಲೇ ಸಂಜೆ ಕಳೆಯುತ್ತದೆ. ಮನೆಯಲ್ಲಿ ಎಲ್ಲರೆದುರು ಇಡಬೇಕು, ಮಕ್ಕಳಿಗೆ ಯುದ್ಧದ ಕಥೆ ಹೇಳಬೇಕು ಅನ್ನುವವರು ಡಿಕಾಲ್ ಇಲ್ಲದ್ದನ್ನೇ ಆರಿಸಿಕೊಳ್ಳಿ. ಜರ್ಮನಿಯಲ್ಲಿ ಇರುವವರಿಗಂತೂ ಇದು ಕಾನೂನಿನ ವಿಷಯ. ಅಲ್ಲಿನ ದಂಡ ಸಂಹಿತೆಯ 86ಎ ಕಲಮಿನ ಪ್ರಕಾರ ನಾಜಿ ಗುರುತುಗಳನ್ನು ಸಾರ್ವಜನಿಕವಾಗಿ ತೋರಿಸುವುದು ಅಪರಾಧ. ಶಿಕ್ಷಣ, ಸಂಶೋಧನೆ, ಕಲೆಯಂಥ ಕೆಲಸಕ್ಕೆ ಮಾತ್ರ ವಿನಾಯಿತಿ. ಮಾರಾಟದ ಫೋಟೋಗಳಲ್ಲಿ ಆ ಭಾಗ ಮುಚ್ಚಿರುವುದು ಅದಕ್ಕೇ. ಆಸ್ಟ್ರಿಯಾದಲ್ಲೂ ಕಾನೂನು ಬಿಗಿ.

ಮುಟ್ಟದ್ದು, ರಿಪೇರಿ ಮಾಡಿದ್ದು, ಮಣ್ಣಿಂದ ತೆಗೆದದ್ದು

ಹೊಸಬರು ಹೊಳೆಯುವ ಹೆಲ್ಮೆಟ್ಟಿನ ಕಡೆ ಕೈ ಚಾಚುತ್ತಾರೆ. ಅದು ಬೇಡ. ಬಣ್ಣ ಕಿತ್ತು ಹೊಸದು ಬಳಿದ ಹೆಲ್ಮೆಟ್ ಅಂದರೆ ಹಳೇ ದೇವಸ್ಥಾನದ ಶಿಲ್ಪಕ್ಕೆ ಎನಾಮಲ್ ಪೇಂಟ್ ಹೊಡೆದ ಹಾಗೆ. ಕೆಳಗಿನ ಕಲ್ಲು ಅಸಲೇ, ಆದರೆ ನೋಡಬೇಕಾದ್ದು ಮುಚ್ಚಿಹೋಯಿತು. ಪಟ್ಟಿ ಹರಿದಿರಲಿ, ಚರ್ಮ ಬಿರಿದಿರಲಿ, ಅಂಚಿಗೆ ತುಕ್ಕು ಇರಲಿ, ಮುಟ್ಟದ್ದೇ ಮೇಲು. ಮಕ್ಕಳು ಆಟಕ್ಕೆ ಬಳಿದ ಬಣ್ಣ ಕೂಡ ನನ್ನ ಲೆಕ್ಕದಲ್ಲಿ ಆ ಮನೆಯ ಕಥೆಯ ಪಾಲು. ಎಷ್ಟೋ ಜನ ಅದನ್ನು ಕೆರೆದು ತೆಗೆಯುತ್ತಾರೆ. ನಾನು ಬಿಡುತ್ತೇನೆ.

ತಂದ ಮೇಲೆ ಮಾಡುವುದೂ ಹೆಚ್ಚೇನಿಲ್ಲ. ಒಣ ಮೆತ್ತನೆ ಬ್ರಷ್‌ನಲ್ಲಿ ಧೂಳು ತೆಗೆಯಿರಿ. ಚರ್ಮಕ್ಕೆ ಎಣ್ಣೆ ಹಚ್ಚಬೇಡಿ, ಕಪ್ಪಾಗಿ ಮೆತ್ತಗಾಗುತ್ತದೆ, ಮತ್ತೆ ಸರಿಯಾಗುವುದಿಲ್ಲ. ಪಟ್ಟಿ ಹಿಡಿದು ನೇತು ಹಾಕಬೇಡಿ. ತೇವ ಇರುವ ನೆಲಮಾಳಿಗೆ ಬೇಡ, ಕಿಟಕಿ ಬಿಸಿಲು ಬೇಡ.

ಮಣ್ಣಿಂದ ತೆಗೆದ ಹೆಲ್ಮೆಟ್‌ಗಳು ಅಗ್ಗ. ಪೂರ್ವ ಯುರೋಪಿನ ರಣರಂಗಗಳಿಂದ ಬರುತ್ತವೆ. ಇವು ಯೋಧರು ತಂದದ್ದಲ್ಲ, ಯಾರೋ ಅಗೆದದ್ದು. ಅಗೆದಲ್ಲಿ ಹೆಲ್ಮೆಟ್ ಒಂದೇ ಇರುವುದಿಲ್ಲ, ಎಷ್ಟೋ ಸಲ ಅದನ್ನು ಹಾಕಿಕೊಂಡಿದ್ದವನೂ ಇರುತ್ತಾನೆ. ಜರ್ಮನಿಯ ಯುದ್ಧ ಸಮಾಧಿಗಳ ಸಂಸ್ಥೆ ಫೋಕ್ಸ್‌ಬುಂಡ್ ಇವತ್ತಿಗೂ ಅಂಥವರನ್ನು ಹುಡುಕಿ ತೆಗೆದು ಮಣ್ಣು ಮಾಡುತ್ತಿದೆ. ಕಳ್ಳತನದಲ್ಲಿ ಅಗೆದು ಗುರುತಿನ ಬಿಲ್ಲೆ ಒಂದು ಕಡೆ, ಹೆಲ್ಮೆಟ್ ಒಂದು ಕಡೆ ಮಾರಿದರೆ ಆ ಮನುಷ್ಯ ಹೆಸರಿಲ್ಲದವನಾಗಿಯೇ ಉಳಿಯುತ್ತಾನೆ. ಹಾಗಾಗಿ ಎಷ್ಟು ಅಗ್ಗ ಇದ್ದರೂ ಬೇಡ ಅನ್ನುತ್ತೇನೆ.

ಅದರಂತೆ ಕಾಣುವ ಬೇರೆ ದೇಶದವು

ಇಲ್ಲಿ ನಾನೇ ಪೆಟ್ಟು ತಿಂದಿದ್ದೇನೆ. ಎರಡನೇ ವರ್ಷ, ಒಂದು ಸಂತೆಯಲ್ಲಿ "ಎರಡೂ ಡಿಕಾಲ್ ಇರುವ ಎಂ35, ಯೋಧನ ಮನೆಯದು" ಅಂತ ಕೊಂಡೆ. ಬೆಳಕು ಮಂದವಾಗಿತ್ತು, ಮಾರುವವರ ಮಾತು ಚೆನ್ನಾಗಿತ್ತು. ಯೋಧನ ಹೆಸರು ಕೇಳಿದಾಗ "ಕುಟುಂಬದವರು ಹೇಳಬೇಡಿ ಅಂದಿದ್ದಾರೆ" ಅಂದರು. ಅಲ್ಲೇ ನಿಲ್ಲಬೇಕಿತ್ತು. ಮನೆಗೆ ತಂದು ಹಿಂಭಾಗದ ಮೇಲೆ ಪುಟ್ಟ ಅಯಸ್ಕಾಂತ ಆಡಿಸಿದೆ. ಒಂದು ಕಡೆ ಹಿಡಿತ ಸಡಿಲ, ಅದರ ಪಕ್ಕದಲ್ಲಿ ಮತ್ತೊಂದು ಕಡೆಯೂ ಸಡಿಲ. ಉಗುರಿನಲ್ಲಿ ಕೆರೆದರೆ ಬಣ್ಣದಡಿ ಪುಟ್ಟಿ. ಎರಡು ತೂತು ಮುಚ್ಚಿದ್ದರು.

ಅದು ಹಂಗೇರಿಯ ಎಂ38, ಜರ್ಮನ್ ಪ್ಯಾರಾಟ್ರೂಪರ್‌ಗಳ ಎಂ38 ಅಲ್ಲ. ಆಕಾರ ಎಂ35ರ ಅಚ್ಚು. ಆದರೆ ಹಿಂದೆ ಒಂದು ಚೌಕದ ಲೋಹದ ಕುಣಿಕೆ ರಿವೆಟ್ ಹಾಕಿ ಕೂರಿಸಿರುತ್ತಾರೆ. ನನ್ನದರಲ್ಲಿ ಕುಣಿಕೆ ತೆಗೆದು, ತೂತು ಮುಚ್ಚಿ, ಬಣ್ಣ ಹೊಡೆದು, ಡಿಕಾಲ್ ಅಂಟಿಸಿದ್ದರು. ದುಡ್ಡು ವಾಪಸ್ ಬರಲಿಲ್ಲ. ಬೇಜಾರಾದದ್ದು ದುಡ್ಡಿಗಿಂತ ಹೆಚ್ಚಾಗಿ ಆ ಹೆಲ್ಮೆಟ್ಟಿಗಾಗಿ. ಹಂಗೇರಿಯ ಯಾವನೋ ಸೈನಿಕನ ಹೆಲ್ಮೆಟ್ ಅದು. ಅದರ ನಿಜವಾದ ಚರಿತ್ರೆಯನ್ನು ಅಳಿಸಿ ಸುಳ್ಳು ಬರೆದಿದ್ದರು.

ಸ್ಪೇನಿನದಕ್ಕೆ ಗುರುತು ಮುಂಭಾಗದಲ್ಲಿ, ಲಾಂಛನ ಸಿಕ್ಕಿಸುವ ಪುಟ್ಟ ಹಿಡಿ. ನಾರ್ವೆಯದು ಬೇರೆ ಥರ. ಜರ್ಮನರು 1945ರಲ್ಲಿ ಅಲ್ಲಿ ಬಿಟ್ಟುಹೋದ ಹೆಲ್ಮೆಟ್‌ಗಳನ್ನೇ ಬಣ್ಣ ಬಳಿದು ನಾರ್ವೆಯವರು ಬಳಸಿದರು. ಚಿಪ್ಪು ಅಸಲು, ಮೇಲಿನದು ಆಮೇಲಿನದು. ಇವೆಲ್ಲ ತಮ್ಮ ಹೆಸರಿನಲ್ಲೇ ಮಾರಾಟಕ್ಕಿದ್ದರೆ ಒಳ್ಳೆಯ ವಸ್ತುಗಳು, ಬೆಲೆಯೂ ಹಗುರ. ಮೊದಲ ಕಲಿಕೆಗೆ ನಾರ್ವೆಯದನ್ನು ಕೊಂಡರೆ ತಪ್ಪಿಲ್ಲ. ಅಸಲು ಉಕ್ಕಿನ ತೂಕ, ಅಂಚು, ಒತ್ತಿದ ಅಕ್ಷರ ಎಲ್ಲ ಕೈಗೆ ಪರಿಚಯವಾಗುತ್ತದೆ.

ಊರಿನಲ್ಲಿರುವವರಿಗೂ ಒಂದು ಮಾತು. ಬೆಂಗಳೂರಿನ ಹಲಸೂರು ಕೆರೆ ಪಕ್ಕದ ಮದ್ರಾಸ್ ಸ್ಯಾಪರ್ಸ್ ಪಡೆಯವರು ಉತ್ತರ ಆಫ್ರಿಕಾದಲ್ಲೂ ಇಟಲಿಯಲ್ಲೂ ಜರ್ಮನರ ಎದುರು ಇದ್ದವರು. ನಿಮ್ಮ ಮುತ್ತಜ್ಜ ಆ ಪಡೆಯಲ್ಲಿದ್ದರೆ, ಟ್ರಂಕಿನಲ್ಲಿ ಬರೀ ಒಂದು ಬಕಲ್ಲೋ ಒಂದು ಫೋಟೋವೋ ಸಿಕ್ಕರೂ ಮಾರುವ ಮೊದಲು ಮನೆಯ ಹಿರಿಯರನ್ನು ಕೂರಿಸಿ ಕೇಳಿ ಬರೆದುಕೊಳ್ಳಿ.

ಹೋದ ವರ್ಷದ ಎರಡು

ಹೋದ ಶರತ್ಕಾಲದಲ್ಲಿ ನನ್ನ ಮುಂದೆ ಎರಡು ಹೆಲ್ಮೆಟ್ ಇದ್ದವು. ಬೆಲೆ ಹೆಚ್ಚು ಕಡಿಮೆ ಒಂದೇ. ಒಂದು ಎಂ40, ಹದ್ದಿನ ಡಿಕಾಲ್ ಮುಕ್ಕಾಲು ಪಾಲು ಉಳಿದಿದೆ, ಗದ್ದದ ಪಟ್ಟಿ ಇದೆ, ಅಂಕಿಗಳೆಲ್ಲ ಹೊಂದುತ್ತವೆ. ಯಾರ ಮನೆಯದು ಅಂತ ಮಾತ್ರ ಗೊತ್ತಿಲ್ಲ. ಅದು ಅಸಲು ಅನ್ನುವುದರಲ್ಲಿ ನನಗೆ ಅನುಮಾನವಿರಲಿಲ್ಲ. ಇನ್ನೊಂದು ಎಂ42, ಡಿಕಾಲ್ ಇಲ್ಲ, ಒಂದು ಕಡೆ ತಗ್ಗಿದೆ, ಗದ್ದದ ಪಟ್ಟಿ ಯಾರೋ ಕತ್ತರಿಯಿಂದ ಕತ್ತರಿಸಿ ಎರಡಿಂಚು ಉಳಿದಿದೆ. ಆ ಎರಡಿಂಚಿನ ತುಂಡಿಗೆ ದಾರದಲ್ಲಿ ಕಟ್ಟಿದ ಬಟ್ಟೆಯ ಚೀಟಿ, ಅದರಲ್ಲಿ ಪೆನ್ಸಿಲ್ವೇನಿಯಾದ ಒಂದು ಹಳ್ಳಿಯ ವಿಳಾಸ. ಬಿಡುಗಡೆ ಪತ್ರ ಇತ್ತು, ಅದರಲ್ಲಿ ರೈನ್‌ಲ್ಯಾಂಡ್ ಕದನದ ಹೆಸರಿತ್ತು. ಮಾರುತ್ತಿದ್ದವರು ಆ ಯೋಧನ ಮೊಮ್ಮಗಳು.

ಎಂ40ನ್ನು ಗೆಳೆಯನೊಬ್ಬ ತಗೊಂಡ. ಅವನಿಗೆ ಡಿಕಾಲ್ ಓದುವುದೇ ಇಷ್ಟ, ಅವನಿಗೆ ಅದು ಸರಿ. ನಾನು ಎಂ42 ತಗೊಂಡೆ. ಅವರು ಹೇಳಿದ್ದನ್ನೆಲ್ಲ ಒಂದು ಕಾರ್ಡಿನಲ್ಲಿ ಬರೆದುಕೊಂಡೆ: ತಾತನ ಹೆಸರು, ದಳ, ಅಂಚೆಯಲ್ಲಿ ಬಂದ ತಿಂಗಳು, ಯಾವ ಕಪಾಟಿನಲ್ಲಿ ಇತ್ತು ಅನ್ನುವುದು. ಪಟ್ಟಿ ಕತ್ತರಿಸಿದ್ದು ಯಾರು ಅಂತ ಕೊನೆಗೆ ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾನೇ. ಆರು ವರ್ಷ ಆಗಿತ್ತು. ಗೊಂಬೆಗೆ ಬೆಲ್ಟ್ ಬೇಕಿತ್ತು. ತಾತ ಬೈಯಲಿಲ್ಲ, ಬಕಲ್ ಹಾಕೋದು ಹೇಗೆ ಅಂತ ತೋರಿಸಿಕೊಟ್ಟರು" ಅಂದರು. ಕಾರ್ಡಿನಲ್ಲಿ ಜಾಗ ಮುಗಿದಿತ್ತು. ತಿರುಗಿಸಿ ಹಿಂದೆ ಬರೆದೆ.